ಅಂಬೊತೊ ಹತ್ತುವವರಿಗೆ: ಎತ್ತರ ಬಿಡಿ, ಕಲ್ಲು ನೋಡಿ

ಎತ್ತರ 1,331 ಮೀಟರ್. ನಮ್ಮ ಕುಮಾರಪರ್ವತಕ್ಕಿಂತ ಕುಳ್ಳು. ಹೊರಡುವುದಾದರೂ ಸುಮಾರು 700 ಮೀಟರ್ ಎತ್ತರದ ಉರ್ಕಿಯೋಲ ಘಾಟಿಯಿಂದಲೇ, ಹಾಗಾಗಿ ಏರಬೇಕಾದ್ದು ಅದರರ್ಧದಷ್ಟೇ. ಆದರೆ ಸ್ಪೇನಿನ ಬಾಸ್ಕ್ ನಾಡಿನ ಈ ಬೆಟ್ಟ ಅಪ್ಪಟ ಸುಣ್ಣಕಲ್ಲು. ಇಲ್ಲಿ ಕಾಲಿಗೆ ಕೆಲಸ ಕೊಡುವುದು ಎತ್ತರವಲ್ಲ, ಆ ಕಲ್ಲು.

ಬಿಲ್ಬಾವೊದಿಂದ ದುರಾಂಗೊ ಪಟ್ಟಣಕ್ಕೆ ಯೂಸ್ಕೊತ್ರೆನ್ ರೈಲಿದೆ. ಅಲ್ಲಿಂದ ಗೆಳೆಯರ ಕಾರಿನಲ್ಲಿ ಘಾಟಿ ಹತ್ತಿ, ಸಂತ ಅಂತೋನಿಯ ದೇಗುಲದ ಬಳಿ ನಡಿಗೆ ಶುರು ಮಾಡಿದೆವು. ಮೊದಲರ್ಧ ಸಲೀಸು: ಹುಲ್ಲುಗಾವಲು, ಉದ್ದ ಕೂದಲಿನ ಲಾಚಾ ಕುರಿಗಳು, ಅವುಗಳ ಗಂಟೆ ಸದ್ದು. ದಕ್ಷಿಣದ ಈ ದುಂಡು ಗುಡ್ಡಗಳು ಮರಳುಗಲ್ಲು, ಜೇಡಿಪದರದವು. ಎಡಕ್ಕೆ ತಿರುಗಿದರೆ ಬೂದು ಬಿಳಿಯ ಗೋಡೆ ಎದ್ದು ನಿಂತಿರುತ್ತದೆ. ಸುಮಾರು 11 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ, ಆಳವಿಲ್ಲದ ಕಡಲಿನಲ್ಲಿ ಹವಳ ಮತ್ತು ದಪ್ಪ ಚಿಪ್ಪಿನ ಜೀವಿಗಳು ಸತ್ತು ಒಟ್ಟಿಕೊಂಡ ದಿಬ್ಬವದು. ಗೋಡೆಯ ಬಿರುಕುಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ.

ದಾರಿಯಲ್ಲಿ ಅಸುಂತ್ಸೆ ಒರತೆ ಸಿಗುತ್ತದೆ. ಇದ್ದಬದ್ದ ಬಾಟಲಿಯನ್ನೆಲ್ಲ ಇಲ್ಲೇ ತುಂಬಿಸಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆಗಾಲ ಕಳೆದ ಮೇಲೂ ತಿರುವಿಗೊಂದು ತೊರೆ ಸಿಗುತ್ತದಲ್ಲ, ಆ ಭರವಸೆ ಇಲ್ಲಿ ಬೇಡ. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಬಿರುಕಿಗಿಳಿದು, ಒಳಗೊಳಗೇ ಹರಿದು, ಬುಡದಲ್ಲೆಲ್ಲೋ ಹೊರಬೀಳುತ್ತದೆ. ಅಷ್ಟು ಮಳೆ ಬೀಳುವ ಸೀಮೆಯಲ್ಲಿ ಮೇಲೆ ಹನಿ ನೀರಿಲ್ಲ.

ಪಾಗೊಸೆಲಾಯಿ ಎಂಬ ಜಾಗ ದಾಟಿ ಬೀಚ್ ಮರಗಳ ಕಾಡಿಗೆ ಹೊಕ್ಕರೆ ಏರು ಚುರುಕಾಗುತ್ತದೆ. ಬೇರು, ಎಲೆರಾಶಿ, ನಡುವೆ ನೀರು ಕೊರೆದ ಕಲ್ಲಿನ ಚೂಪು ಅಂಚುಗಳು. ಎಲೆಯ ಕೆಳಗೆ ಬಿರುಕಿದ್ದರೆ ಕಾಣುವುದೇ ಇಲ್ಲ. ಕಾಡು ಮುಗಿದ ಮೇಲೆ ಬರುವ ಏಣಿನಲ್ಲಿ (ಬೆಟ್ಟದ ಕಿರಿದಾದ ನೆತ್ತಿಯ ಸಾಲಿನಲ್ಲಿ) ಊರುಗೋಲನ್ನು ಚೀಲಕ್ಕೆ ಕಟ್ಟಿ, ಎರಡೂ ಕೈ ಬಳಸಿ ಹತ್ತಿದೆವು. ಹಗ್ಗ ಬೇಕಾಗಲಿಲ್ಲ, ಆದರೆ ಪಕ್ಕದಲ್ಲಿ ಪ್ರಪಾತವಿದೆ. ಒಣಗಿದಾಗ ಇದೇ ಕಲ್ಲು ಬೂಟನ್ನು ಗಟ್ಟಿಯಾಗಿ ಹಿಡಿಯುತ್ತದೆ; ಸಾವಿರಾರು ಜನ ಮೆಟ್ಟಿ ನುಣುಪಾದ ಕಡೆ ಒದ್ದೆಯಾದರೆ ಸೋಪು. ಅದಕ್ಕೇ ಒಂದೆರಡು ದಿನ ಮಳೆ ಬಿಡುವು ಕೊಟ್ಟ ಮೇಲಷ್ಟೇ ನಾವು ಹೊರಟದ್ದು.

ಬಿಸ್ಕಾಯ ಕೊಲ್ಲಿಯ ತೇವದ ಗಾಳಿ ಈ ಗೋಡೆಗೆ ಬಡಿದರೆ ಗಳಿಗೆಯಲ್ಲಿ ಮಂಜು ಕವಿಯುತ್ತದೆ. ಸ್ಥಳೀಯರ ಲೆಕ್ಕ ಬೇರೆ: ತುದಿಗೆ ಮೋಡ ಕೂತರೆ ಮಾರಿ ಮನೆಯಲ್ಲಿದ್ದಾಳೆ ಅಂತ. (ನಮ್ಮ ಮಾರಮ್ಮನಿಗೂ ಇವಳಿಗೂ ನಂಟಿಲ್ಲ.) ಬಾಸ್ಕ್ ಜನರ ಈ ದೇವತೆಯ ಗವಿ ಪೂರ್ವದ ಗೋಡೆಯಲ್ಲಿದೆ. ಒಳಗೆ ಹೋದವರು ಕೂರಬಾರದು, ಬೆನ್ನು ತಿರುಗಿಸಿ ಹೊರಬರಬಾರದು ಎಂಬ ಕಟ್ಟಳೆಯನ್ನು ಜನಪದ ಕಥೆಗಳು ಹೇಳುತ್ತವೆ. ಗವಿಯ ದಾರಿ ಈ ಏಣಿನ ದಾರಿಗಿಂತ ಅಪಾಯದ್ದು. ನಾವು ಆ ಕಡೆ ಸುಳಿಯಲಿಲ್ಲ. ಮಾರಿಯನ್ನು ನಂಬಿ, ಬಿಡಿ, ತುದಿ ಮಸುಕಾದರೆ ಕಾಡಿನಂಚಿನಿಂದಲೇ ವಾಪಸಾಗಿ.

ಇಳಿಯುವಾಗ ಏಣಿನ ಮೇಲೆ ಎದುರಿನವರಿಗೆ ದಾರಿ ಬಿಡಲು ಸಾಕಷ್ಟು ಹೊತ್ತು ಹೋಗುತ್ತದೆ. ರಜಾದಿನವಾದರೆ ಬೆಳಗಾಗುತ್ತಲೇ ಹೊರಡಿ. ಏಣು ಬೇಡವೆನ್ನುವವರು ಪಾಗೊಸೆಲಾಯಿವರೆಗೆ ಹೋಗಿ ಬಂದರೂ ಆ ಗೋಡೆಯನ್ನು ಬೇಕಾದಷ್ಟು ನೋಡಬಹುದು, ಮಕ್ಕಳನ್ನೂ ಕರೆದೊಯ್ಯಬಹುದು.