ಕರಗವನ್ನು ಸ್ತ್ರೀವಾದಿ ದೃಷ್ಟಿಯಿಂದ ಅಧ್ಯಯನ ಮಾಡುವುದು ಹೇಗೆ

ಧರ್ಮದ ಅಧ್ಯಯನದಲ್ಲಿ ಸ್ತ್ರೀವಾದಿ ಸಿದ್ಧಾಂತವನ್ನು ಬಳಸಲು ಬಯಸುವ ವಿದ್ಯಾರ್ಥಿಗಳಿಗೆ ಬೆಂಗಳೂರಿನಲ್ಲಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಕರಗಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಆದಿಶಕ್ತಿಯೆಂದು ಪೂಜಿಸಲ್ಪಡುವ ದ್ರೌಪದಿಯನ್ನು ಕರಗವೆಂಬ ಕಲಶದ ರೂಪದಲ್ಲಿ ಹೊರುವವರು ತಿಗಳ ಸಮುದಾಯದ ಒಬ್ಬ ಪುರುಷ. ಚೈತ್ರ ಹುಣ್ಣಿಮೆಯ ರಾತ್ರಿ ಅವರು ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಸಿಂಗರಿಸಿದ ಕರಗವನ್ನು ತಲೆಯ ಮೇಲಿಟ್ಟು, ಕತ್ತಿ ಹಿಡಿದು ಕರಗವನ್ನು ಕಾಯುವ ವೀರಕುಮಾರರೊಂದಿಗೆ ಪೇಟೆಯ ಬೀದಿಗಳಲ್ಲಿ ಸಾಗುತ್ತಾರೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ರೂಪಿಸಿಕೊಳ್ಳಿ. ಈ ಆಚರಣೆ ಹೆಣ್ಣನ್ನು ಗೌರವಿಸುತ್ತದೆಯೋ ಕಡೆಗಣಿಸುತ್ತದೆಯೋ ಎಂದು ಕೇಳಿದರೆ ಉತ್ತರ ನಿಮ್ಮ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಅದರ ಬದಲು ಯಾರು ಯಾವ ಕೆಲಸ ಮಾಡುತ್ತಾರೆ, ಯಾರ ಮಾತು ನಡೆಯುತ್ತದೆ, ಯಾರು ಕಾಣಿಸುವುದೇ ಇಲ್ಲ ಎಂದು ಕೇಳಿ. ಕರಗ ಹೊರುವವರ ಪತ್ನಿ ತನ್ನ ತಾಳಿ, ಬಳೆಗಳನ್ನು ಗಂಡನಿಗೆ ಒಪ್ಪಿಸಿ, ಉತ್ಸವ ಮುಗಿಯುವವರೆಗೆ ಅವರ ಕಣ್ಣಿಗೆ ಬೀಳದೆ ಇರುವ ಸಂಪ್ರದಾಯವಿದೆ. ಮೆರವಣಿಗೆ ನೋಡುವ ಸಾವಿರಾರು ಜನರಿಗೆ ಕಾಣದ ಈ ಹೆಣ್ಣುಮಗಳೇ, ನನ್ನ ದೃಷ್ಟಿಯಲ್ಲಿ, ನಿಮ್ಮ ಅಧ್ಯಯನದ ಕೇಂದ್ರವಾಗಬೇಕು.

ಆಕೆಯನ್ನು ಅರ್ಥಮಾಡಿಕೊಳ್ಳಲು ಎರಡು ಭಿನ್ನ ದಾರಿಗಳು ನೆರವಾಗುತ್ತವೆ. ಬೈಬಲಿನ ಹೊಸ ಒಡಂಬಡಿಕೆಯನ್ನು ಓದುತ್ತ ಸ್ತ್ರೀವಾದಿ ವಿದ್ವಾಂಸೆ ಎಲಿಜಬೆತ್ ಶೂಸ್ಲರ್ ಫಿಯೊರೆಂಜಾ ಅವರು 1983ರಲ್ಲಿ ಮಂಡಿಸಿದ ವಾದದ ಪ್ರಕಾರ, ಗಂಡಸರು ಬರೆದ ಪಠ್ಯ ಹೆಂಗಸರ ಬಗ್ಗೆ ಮೌನವಾಗಿದ್ದರೆ ಅಲ್ಲಿ ಹೆಂಗಸರು ಇರಲಿಲ್ಲವೆಂದು ತಿಳಿಯಬಾರದು. ಆ ಮೌನವನ್ನೇ ಸಂಶಯದಿಂದ ಓದಬೇಕು. ಕೈರೋದ ಮಸೀದಿಗಳಲ್ಲಿ ಧರ್ಮಪಾಠಕ್ಕೆ ಸೇರುತ್ತಿದ್ದ ಮಹಿಳೆಯರ ಕುರಿತ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರಜ್ಞೆ ಸಬಾ ಮಹಮೂದ್ ಅವರು, ಕಟ್ಟುಪಾಡನ್ನು ಮುರಿಯುವುದಷ್ಟೇ ಹೆಣ್ಣಿನ ಕರ್ತೃತ್ವವಲ್ಲ (ಅಂದರೆ ತನ್ನ ಬದುಕನ್ನು ತಾನೇ ನಡೆಸುವ ಶಕ್ತಿಯಲ್ಲ), ಅದನ್ನು ಶ್ರದ್ಧೆಯಿಂದ ಪಾಲಿಸುತ್ತ ತನ್ನನ್ನು ರೂಪಿಸಿಕೊಳ್ಳುವುದರಲ್ಲಿಯೂ ಕರ್ತೃತ್ವವಿದೆ ಎಂದರು. ಮೊದಲನೆಯದನ್ನು ಮಾತ್ರ ಹಿಡಿದರೆ ಆ ಪತ್ನಿ ಬರಿಯ ಬಲಿಪಶುವಾಗಿ ಕಾಣುತ್ತಾರೆ. ಎರಡನೆಯದನ್ನು ಮಾತ್ರ ಹಿಡಿದರೆ ಕರಗ ಹೊರುವ ಅಧಿಕಾರ ಗಂಡಸರಿಗೇ ಏಕೆ ಎಂಬ ಪ್ರಶ್ನೆ ಜಾರಿಹೋಗುತ್ತದೆ. ಆದ್ದರಿಂದ ಎರಡನ್ನೂ ಜೊತೆಯಲ್ಲಿ ಬಳಸಿ, ಅವು ಒಂದಕ್ಕೊಂದು ಒಗ್ಗದ ಕಡೆ ಆ ತಿಕ್ಕಾಟವನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಿರಿ.

ಜಾತಿಯನ್ನೂ ಮರೆಯುವಂತಿಲ್ಲ. ತಿಗಳರು ತೋಟಗಾರಿಕೆಯನ್ನು ನೆಚ್ಚಿ ಬದುಕಿದ ಸಮುದಾಯ. ನಗರದ ಕೆರೆ, ತೋಟಗಳ ನೆನಪಿನೊಂದಿಗೆ ಕರಗಕ್ಕಿರುವ ನಂಟನ್ನು ತಿಳಿಯಲು ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕ್ಷೇತ್ರಕಾರ್ಯಕ್ಕೆ ಮುನ್ನ ಓದಿಕೊಳ್ಳಿ.

ಆ ಪತ್ನಿಯ ಸಂದರ್ಶನವನ್ನು ಕರಗದ ವ್ರತದ ದಿನಗಳಲ್ಲಿ ಕೇಳಬೇಡಿ. ಉತ್ಸವ ಮುಗಿದ ಮೇಲೆ, ಮನೆಯ ಹಿರಿಯ ಹೆಂಗಸರ ಒಪ್ಪಿಗೆ ಪಡೆದು, ಗಂಡಸರು ಪಕ್ಕದಲ್ಲಿ ಕುಳಿತು ಉತ್ತರಿಸದ ಹೊತ್ತನ್ನು ಆರಿಸಿಕೊಳ್ಳಿ. ನೀವು ಕಂಡದ್ದನ್ನೂ ಅವರು ಹೇಳಿದ್ದನ್ನೂ ಟಿಪ್ಪಣಿಯಲ್ಲಿ ಬೇರೆಬೇರೆಯಾಗಿ ಬರೆದಿಡಿ. ಪ್ರಬಂಧ ಸಲ್ಲಿಸುವ ಮೊದಲು ಅವರ ಮಾತುಗಳಿರುವ ಪುಟಗಳನ್ನು ಅವರಿಗೇ ಓದಿ ಹೇಳಿ, ಬೇಡವೆಂದದ್ದನ್ನು ತೆಗೆದುಹಾಕಿ.