ರಕ್ತ ಏರಿಸುವ ಮೊದಲು ಅಮ್ಮನ ಜನ್ಮದಿನಾಂಕ ಸರಿಯಿರಲಿ

ಬ್ರಿಟನ್ನಿನಲ್ಲಿ ಹೊಸದಾಗಿ ನೆಲೆಸಿದ ನಮ್ಮವರು ವಯಸ್ಸಾದ ತಂದೆತಾಯಿಯನ್ನು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗೆ ಸೇರಿಸಿದಾಗ ನಾನು ಮಾಡಿದ ತಪ್ಪನ್ನೇ ಮಾಡುವುದನ್ನು ಈ ವರ್ಷ ಮೂರನೆಯ ಸಲ ಕಂಡೆ. ಬದಲಿ ರಕ್ತದಾನಿಗಾಗಿ ಸ್ನೇಹಿತರಿಗೆಲ್ಲ ಫೋನ್ ಮಾಡಬೇಡಿ, ಇಲ್ಲಿ ಯಾರೂ ಕೇಳುವುದಿಲ್ಲ. ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ.

ನನ್ನ ಅಮ್ಮ ಹುಟ್ಟಿದ್ದು ದೀಪಾವಳಿ ಕಳೆದ ವಾರ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಜೂನ್ 1. ಪಾಸ್‌ಪೋರ್ಟಿನಲ್ಲೂ ಅದೇ. ಹಿಮೋಗ್ಲೋಬಿನ್ ತೀರಾ ಇಳಿದು ತುರ್ತು ವಿಭಾಗಕ್ಕೆ ಓಡಿದ ದಿನ, ಗಾಬರಿಯಲ್ಲಿ ನಾನು ನಿಜವಾದ ಜನ್ಮದಿನ ಹೇಳಿಬಿಟ್ಟೆ. ಸ್ಯಾಂಪಲ್ ಆ ದಿನಾಂಕ ಹೊತ್ತು ಲ್ಯಾಬಿಗೆ ಹೋಯಿತು. ಅಷ್ಟರಲ್ಲಿ ಹಳೆಯ ದಾಖಲೆ ಸಿಕ್ಕಿ ಅಮ್ಮನ ಕೈಪಟ್ಟಿಯಲ್ಲಿ ಜೂನ್ 1 ಎಂದಾಯಿತು. ತಾಳೆಯಾಗದ ಸ್ಯಾಂಪಲ್ಲನ್ನು ಲ್ಯಾಬ್ ತಿರಸ್ಕರಿಸಿತು. ‘ಇವರು ನನ್ನ ತಾಯಿ, ನಾನೇ ಹೇಳುತ್ತಿದ್ದೇನಲ್ಲ’ ಎಂದು ವಾದಿಸಿದೆ. ನರ್ಸ್ ನನ್ನತ್ತ ತಿರುಗಲಿಲ್ಲ. ಹೆಸರು, ಜನ್ಮದಿನಾಂಕ ಎರಡನ್ನೂ ಅಮ್ಮನ ಬಾಯಿಂದಲೇ ಕೇಳಬೇಕಿತ್ತು. ಅಮ್ಮ ಮತ್ತೆ ದೀಪಾವಳಿಯ ದಿನಾಂಕವನ್ನೇ ಹೇಳಿದರು. ಮೂರು ಗಂಟೆ ಹಾಗೇ ಹೋಯಿತು.

ಅಂದು ಸಿಟ್ಟು ಬಂದಿತ್ತು. ಈಗ ಆ ನರ್ಸ್ ಮಾಡಿದ್ದೇ ಸರಿ ಎನ್ನುತ್ತೇನೆ. ಗುಂಪು ತಪ್ಪಿದ ರಕ್ತ ಕೆಲವೇ ಮಿಲಿಲೀಟರ್ ಒಳಹೋದರೂ ಜೀವಕ್ಕೆ ಅಪಾಯ. ಟ್ಯೂಬಿನಲ್ಲಿರುವುದು ಯಾರ ರಕ್ತ ಎಂದು ಲ್ಯಾಬಿಗೆ ಹೇಳುವುದು ಲೇಬಲ್ ಮಾತ್ರ. ಮೊದಲ ಸಲ ರಕ್ತ ಪಡೆಯುವವರಿಂದ ಬೇರೆ ಹೊತ್ತಿನಲ್ಲಿ ಎರಡನೆಯ ಸ್ಯಾಂಪಲ್ ತೆಗೆಯುವುದೂ ಇದಕ್ಕಾಗಿಯೇ. ‘ರಕ್ತವೇ ಇಲ್ಲ, ಮತ್ತೆ ಯಾಕೆ ತೆಗೆಯುತ್ತೀರಿ’ ಎಂದು ಜಗಳಕ್ಕೆ ನಿಲ್ಲಬೇಡಿ. ಪ್ರಾಣಕ್ಕೇ ಸಂಚಕಾರ ಬಂದಿದ್ದರೆ ಕಾಯದೆ ‘ಓ’ ಗುಂಪಿನ ರಕ್ತ ಕೊಡುತ್ತಾರೆ.

ಪಾಸ್‌ಪೋರ್ಟಿನ ದಿನಾಂಕವನ್ನು ಹಿರಿಯರಿಗೆ ಬಾಯಿಪಾಠ ಮಾಡಿಸಿ. ಇನಿಷಿಯಲ್ ಬಿಡಿಸಿ ಬರೆದ ಹೆಸರೂ ಎಲ್ಲ ಕಡೆ ಒಂದೇ ತೆರನಾಗಿರಲಿ.

ರಕ್ತ ಶುರುವಾಗುವ ಮುನ್ನ ಜ್ವರ, ನಾಡಿ, ಬಿ.ಪಿ., ಉಸಿರಾಟ ನೋಡುತ್ತಾರೆ. ಶುರುವಾದ ಹದಿನೈದು ನಿಮಿಷಕ್ಕೆ ಮತ್ತೆ, ಮುಗಿದ ಮೇಲೆ ಇನ್ನೊಮ್ಮೆ. ಫ್ರಿಜ್‌ನಿಂದ ತೆಗೆದ ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ವಯಸ್ಸಾದ, ಸಣ್ಣ ಮೈಯವರಿಗೆ ದ್ರವ ಹೆಚ್ಚಾಗಿ ಉಸಿರು ಕಟ್ಟುವ ಅಪಾಯವಿರುವುದರಿಂದ ಸಾಮಾನ್ಯವಾಗಿ ಒಂದು ಚೀಲ ಕೊಟ್ಟು, ಪರೀಕ್ಷಿಸಿ, ಆಮೇಲೆ ಇನ್ನೊಂದರ ಮಾತು.

ಇಷ್ಟೆಲ್ಲ ಕಾವಲಿದ್ದರೂ ರೋಗಿ ಬಾಯಿ ಬಿಡದಿದ್ದರೆ ಅಪಾಯ ತಪ್ಪುವುದಿಲ್ಲ. ಊರಿನಲ್ಲಿ ಮನೆಯವರೊಬ್ಬರು ಹಗಲೂ ರಾತ್ರಿ ಮಂಚದ ಪಕ್ಕದಲ್ಲಿರುತ್ತಾರೆ. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ಎರಡನೆಯ ಚೀಲ ಏರುವಾಗ ಅಮ್ಮ ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ನರ್ಸ್ ಕೇಳಿದಾಗ ತಲೆಯಾಡಿಸಿ ನಕ್ಕರು. ನನ್ನ ಕಿವಿಯಲ್ಲಿ ಮಾತ್ರ ‘ಯಾಕೋ ಚಳಿ ಕಣೋ’ ಎಂದರು. ನಾನು ಕೂಗಿದೊಡನೆ ನರ್ಸ್ ರಕ್ತ ನಿಲ್ಲಿಸಿ, ಜ್ವರ ನೋಡಿ, ವೈದ್ಯರನ್ನು ಕರೆದರು. ನಡುಕ, ತುರಿಕೆ, ಬೆನ್ನುನೋವು, ಏದುಸಿರು, ಕೆಂಪು ಮೂತ್ರ: ಈ ಐದು ಅಪಾಯದ ಲಕ್ಷಣಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಹಾಳೆಯಲ್ಲಿ ಬರೆದು, ಹಿರಿಯರು ಬೆರಳಿಟ್ಟು ತೋರಿಸುವಂತೆ ಕೈಗೆಟುಕುವಲ್ಲಿ ಇಟ್ಟು ಬನ್ನಿ.