ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡುವ ಕ್ರಮ

ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹೋಗಲು ದಿನ ಗೊತ್ತುಮಾಡುವವರು ರಜೆಯ ಪಟ್ಟಿಗಿಂತ ಮೊದಲು ಪಂಚಾಂಗವನ್ನು ತೆರೆಯಬೇಕು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಭರತ (ಕಡಲಿನ ಉಬ್ಬರ) ಎಷ್ಟು ಏರುತ್ತದೆಯೋ ಇಳಿತವೂ ಅಷ್ಟೇ ಕೆಳಗಿಳಿಯುವುದರಿಂದ ಹಕ್ಕಿಗಳು ಮೇಯುವ ಕೆಸರಿನ ಬಯಲು ವಿಸ್ತಾರವಾಗಿ ತೆರೆದುಕೊಳ್ಳುತ್ತದೆ. ಅಷ್ಟಮಿಯ ಹೊತ್ತಿಗೆ ಈ ಅಂತರ ಕುಗ್ಗುತ್ತದೆ. ದಿನಕ್ಕೆ ಎರಡು ಸಲ ಬರುವ ಇಳಿತ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆಯಾದ್ದರಿಂದ, ನಿನ್ನೆ ಹೋಗಿಬಂದವರ ಮಾತು ನಂಬದೆ ಕಾರವಾರ ಬಂದರಿನ ಭರತ-ಇಳಿತದ ವೇಳಾಪಟ್ಟಿಯನ್ನೇ ನೋಡಿಕೊಳ್ಳುವುದು ಒಳ್ಳೆಯದು. ತಿಂಗಳುಗಳ ಪೈಕಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ವಲಸೆ ಹಕ್ಕಿಗಳು ಇರುತ್ತವೆ.

ಶಿರಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರೂ ಉಪ್ಪುನೀರೂ ತಡೆಯಿಲ್ಲದೆ ಬೆರೆಯುವುದೇ ಇಲ್ಲಿನ ಜೀವಸಮೃದ್ಧಿಗೆ ಮೂಲ. ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ಅಘನಾಶಿನಿ ಗ್ರಾಮವಿದ್ದು, ನಡುವೆ ದೋಣಿಯಲ್ಲಿ ದಾಟಬಹುದು.

ಇಳಿತಕ್ಕೆ ಎರಡು ಗಂಟೆ ಮೊದಲೇ ದಡದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ನೀರು ಹಿಂದೆ ಸರಿದಂತೆ ಮೊದಲು ಕಾಣುವುದು ಬೆಳ್ಳಕ್ಕಿಗಳು. ಆಮೇಲೆ ಗೊರವಗಳು, ಕುಡುಗೋಲಿನಂತೆ ಬಾಗಿದ ಕೊಕ್ಕಿನ ಕರ್ಲ್ಯೂ. ಕೊಕ್ಕಿನ ಉದ್ದವನ್ನು ಗಮನಿಸಿದರೆ ಯಾವ ಹಕ್ಕಿ ಕೆಸರಿನ ಯಾವ ಆಳದಲ್ಲಿ ಹುಳು ಹುಡುಕುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ, ಮತ್ತು ಬಣ್ಣಕ್ಕಿಂತ ಈ ಗುರುತೇ ಹೊಸಬರಿಗೆ ಹೆಚ್ಚು ನೆರವಾಗುತ್ತದೆ. ದುರ್ಬೀನು ಇಟ್ಟುಕೊಂಡು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡವನ್ನೂ ನೋಡಿ: ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ, ಒಂದೇ ಕೊಂಬು ದೊಡ್ಡದಾಗಿರುವ ಗಂಡು ಏಡಿ ಅದನ್ನು ಆಡಿಸುತ್ತಿರುತ್ತದೆ.

ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗೆಂದು ಇಲ್ಲಿ ಬೇಲಿಯನ್ನು ನಿರೀಕ್ಷಿಸಬಾರದು. ರಾಮ್ಸಾರ್ ಒಪ್ಪಂದ ಕೇಳುವುದು ವಿವೇಕದ ಬಳಕೆಯನ್ನೇ ಹೊರತು ಜನರನ್ನು ಹೊರಗಿಡುವುದನ್ನಲ್ಲ. ನಮಗೆ ಖಾಲಿ ಬಯಲಾಗಿ ಕಾಣುವ ಕೆಸರಿನಲ್ಲಿ ಮಹಿಳೆಯರು ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ, ಉಳಿದ ಕಾಲ ಸಿಗಡಿ ಮತ್ತು ಮೀನು. ಆದ್ದರಿಂದ ಗಜನಿಯ ಕಟ್ಟೆಯ ಮೇಲೆ ನಡೆಯುವ ಮುನ್ನ ಕೇಳಿಕೊಳ್ಳಿ, ನೀರು ತಡೆಯುವ ಹಲಗೆಗಳನ್ನು ಮುಟ್ಟಬೇಡಿ, ಕೆಲಸ ಮಾಡುತ್ತಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬೇಡಿ. ಮೆತ್ತನೆಯ ಕೆಸರಿನಲ್ಲಿ ಕಾಲು ಮೊಣಕಾಲಿನವರೆಗೂ ಹೂತುಹೋಗಬಹುದಾದ್ದರಿಂದ, ಸ್ಥಳೀಯರ ಜೊತೆಯಿಲ್ಲದೆ ಕೆಳಗಿಳಿಯುವುದೇ ಬೇಡ.

ಇಳಿತ ಮುಗಿದೊಡನೆ ಎದ್ದುಹೋಗುವವರೇ ಹೆಚ್ಚು. ನಿಜವಾಗಿ ಕಾಯಬೇಕಾದ ಹೊತ್ತು ಅದು. ಭರತ ಏರುತ್ತಾ ಬಯಲನ್ನು ಕಿರಿದಾಗಿಸಿದಂತೆ ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ, ಗರುಡಗಳು ತಗ್ಗಿ ಸುತ್ತುತ್ತವೆ. ಕುಳಿತಲ್ಲಿಂದ ಅಲುಗಾಡದಿದ್ದರೆ ಅವು ಇನ್ನಷ್ಟು ಹತ್ತಿರ ಬರುತ್ತವೆ.